ಶಹಾಬಾದಿನ ಕಣ್ಣಿಗೆ ಕಂಡ ಹಡಗು

ಕಲಬುರಗಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರವೇ. ವಿಹಾರದ ಹಡಗು ಏರಲೆಂದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೊರಟ ನಮ್ಮ ತಂಡದಲ್ಲಿ ಹಡಗಿನ ಅನುಭವ ಯಾರಿಗೂ ಇರಲಿಲ್ಲ. ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು. ಸೊಲ್ಲಾಪುರ ದಾಟಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚುವಷ್ಟರಲ್ಲಿ ಹಡಗು ಹೇಗಿದ್ದರೆ ಚೆಂದ ಎಂಬ ವಾದ ಕಾವೇರಿತ್ತು. ತಂಗಿಯ ಮಗಳು 2024ರಲ್ಲಿ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಹಡಗಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಳು. ಸಾಲು ಬಾಲ್ಕನಿ, ಮೇಲೆ ಬಣ್ಣಬಣ್ಣದ ಜಾರುಬಂಡಿಗಳು. ಇವಿಲ್ಲದ್ದು ಹಡಗೇ ಅಲ್ಲ ಎಂಬುದು ಅವಳ ತೀರ್ಪು. ತಂಡದ ವಕೀಲರಿಗೆ ಅದು ಹಡಗಿನಂತೆಯೇ ಕಾಣಲಿಲ್ಲ. “ಒಂದು ಬಡಾವಣೆಯನ್ನೇ ನೀರಿಗೆ ತಳ್ಳಿದಂತಿದೆ” ಎಂದರು.

ನಾವು ಹತ್ತಬೇಕಿದ್ದದ್ದು ಎಂಪ್ರೆಸ್. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ತಯಾರಾಗಿ 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ಯಾನ ಆರಂಭಿಸಿದ ಹಡಗು. ಒಡೆತನವೂ ಹೆಸರೂ ಬದಲಾಗುತ್ತ ಬಂದು 2021ರಲ್ಲಿ ಮುಂಬೈಯಿಂದ ಯಾನ ಶುರುಮಾಡಿತು. ಉದ್ದ ಸುಮಾರು 211 ಮೀಟರ್. ನಮ್ಮ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಯಂಥವು ಮೂರು ಸಾಲಾಗಿ ನಿಂತರೂ ಇನ್ನಷ್ಟು ಜಾಗ ಉಳಿಯುತ್ತದೆ. ಐಕಾನ್ ಸುಮಾರು 365 ಮೀಟರ್ ಇದೆ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದ ಹುಡುಗಿ, ಬಲ್ಲಾರ್ಡ್ ಪಿಯರ್‌ನಲ್ಲಿ ಕತ್ತೆತ್ತಿ ನೋಡಿದ ಮೇಲೆ ಆ ಲೆಕ್ಕ ಎತ್ತಲಿಲ್ಲ. ಹಡಗಿನ ಬಿಳಿ ಬಣ್ಣ ಬಿಸಿಲಿನ ಕಾವನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಲಬುರಗಿಯ ಮೇ ತಿಂಗಳು ಕಂಡವರಿಗೆ, ಮಾಳಿಗೆಗೆ ಸುಣ್ಣ ಬಳಿಸುವವರಿಗೆ, ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಹಡಗಿನ ಅಂದದಲ್ಲಿ ಎಲ್ಲವೂ ಕೆಲಸಕ್ಕೆ ಬರುವಂಥದ್ದಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್‌ಗೆ ನಾಲ್ಕು ಚಿಮಣಿಗಳಿದ್ದವು. ಬಾಯ್ಲರ್‌ಗಳ ಹೊಗೆ ಹೋಗುತ್ತಿದ್ದದ್ದು ಮೂರರಿಂದ ಮಾತ್ರ. ನಾಲ್ಕನೆಯದು ಮುಖ್ಯವಾಗಿ ಗಾಳಿಯಾಡಲು, ಜೊತೆಗೆ ನೋಟಕ್ಕೆ. ಚಿಮಣಿ ಹೆಚ್ಚಿದ್ದಷ್ಟೂ ಹಡಗು ಬಲಶಾಲಿ ಎಂಬ ಭಾವನೆ ಆ ಕಾಲದ ಪ್ರಯಾಣಿಕರಲ್ಲಿತ್ತು. ನಾವು ನಗುವಂತಿಲ್ಲ, ನಮ್ಮ ತಂಡ ಟಿಕೆಟ್ ಕಾಯ್ದಿರಿಸಿದ್ದೂ ಚಿತ್ರ ನೋಡಿಯೇ.

ಒಳಗೆ ಕಾಲಿಟ್ಟರೆ ಹಲವು ಅಂತಸ್ತುಗಳೆತ್ತರದ ತೆರೆದ ಅಂಗಳ. ಮೇಲಿನಿಂದ ಇಳಿಯುವ ಬೆಳಕು. ಉಕ್ಕಿನ ಪೆಟ್ಟಿಗೆಯೊಳಗೆ ಇದ್ದೇವೆ ಎಂಬುದನ್ನು ಮರೆಸಲೆಂದೇ ಈ ಏರ್ಪಾಡು, ಮತ್ತು ಅದು ಮರೆಸುತ್ತದೆ. ಎಲ್ಲರೂ ಮೊಬೈಲ್ ಎತ್ತಿ ನಿಂತಿದ್ದಾಗ, ಶಹಾಬಾದ್ ಕಲ್ಲಿನ ವ್ಯಾಪಾರದಲ್ಲೇ ಕೂದಲು ನರೆತ ನಮ್ಮ ಕಾಕಾ ಮಾತ್ರ ಗೋಡೆಯ ಬಳಿ ಹೋದರು. ಅಮೃತಶಿಲೆಯಂತೆ ಕಾಣುತ್ತಿದ್ದ ಫಲಕದ ಅಂಚಿಗೆ ಉಗುರು ತಾಗಿಸಿದರು, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು, ಕಿವಿಗೊಟ್ಟರು. “ಕಲ್ಲಲ್ಲ” ಎಂದರು. ಮುಖದಲ್ಲಿ ಮೋಸಹೋದವರ ಸಿಟ್ಟು. ಹಡಗಿನ ಮೇಲಂತಸ್ತುಗಳಲ್ಲಿ ಭಾರ ಹೆಚ್ಚಿದರೆ ಅದರ ಸಮತೋಲಕ್ಕೇ ಕುತ್ತು, ಅದಕ್ಕೇ ಅಲ್ಲೆಲ್ಲ ಹಗುರ ಸಾಮಗ್ರಿ ಬಳಸುತ್ತಾರೆ ಎಂದು ವಿವರಿಸಿದ ಮೇಲೆ ಸಿಟ್ಟು ಇಳಿಯಿತು. ಆಮೇಲೆ ಫಲಕಗಳ ಸಂದು ಎಷ್ಟು ನೇರವಾಗಿದೆ ಎಂದು ನಮಗೇ ತೋರಿಸತೊಡಗಿದರು. ಹಡಗಿನ ಬಗ್ಗೆ ಅವರ ಗೌರವ ಹುಟ್ಟಿದ್ದು ಅಲ್ಲಿ, ಆ ಸಂದಿನಲ್ಲಿ.

ಕೋಣೆಗಳ ವಿಷಯಕ್ಕೆ ಬಂದರೆ, ಕಾಕಾ ದಂಪತಿಗೆ ಸಿಕ್ಕಿದ್ದು ಕೆಳಗಿನ ಅಂತಸ್ತಿನ ನಟ್ಟನಡುವೆ, ಕಿಟಕಿಯಿಲ್ಲದ್ದು. ವಕೀಲರದು ಮೇಲಂತಸ್ತಿನಲ್ಲಿ, ಮೂತಿಯ ಕಡೆ, ಕಿಟಕಿ ತುಂಬ ಸಮುದ್ರ. ಎಲ್ಲರೂ ಅದನ್ನು ನೋಡಿ ಬಂದು ಕಾಕಾ ಬಗ್ಗೆ ಮರುಗಿದೆವು. ರಾತ್ರಿ ಅಲೆ ಎದ್ದಿತು. ಹಡಗು ಮುಂದೆ ಹಿಂದೆ ತೂಗುವಾಗ ಹೆಚ್ಚು ಏರಿಳಿಯುವುದು ತುದಿಗಳು. ನಡುಭಾಗ, ಅದರಲ್ಲೂ ಕೆಳಗೆ, ಕಡಿಮೆ. ಚಿತ್ರಗಳಲ್ಲಿ ಇದು ಕಾಣುವುದಿಲ್ಲ. ಬೆಳಿಗ್ಗೆ ಕಾಕಾ ನಿದ್ದೆ ತುಂಬಿದ ಮುಖದಲ್ಲಿ ಇಡ್ಲಿಯ ಸಾಲಿನಲ್ಲಿ ನಿಂತಿದ್ದರು. ವಕೀಲರು ಅಡುಗೆಯವರ ಬಳಿ ನಿಂಬೆಹಣ್ಣು ಕೇಳುತ್ತಿದ್ದರು, ಜೊತೆಗೆ ಹಿಂತಿರುಗುವ ರಾತ್ರಿಗೆ ಕೋಣೆ ಬದಲಿಸಿಕೊಳ್ಳುತ್ತೀರಾ ಎಂದು ಕಾಕಾ ಅವರನ್ನೂ. ಕಾಕಾ ಒಪ್ಪಲಿಲ್ಲ.