ನಾಗೋಲ್ಡ್ ಹೊಳೆ, ಕಾಲ್ವ್ ಊರು, ಅಜ್ಜಿಯ ಕಂಡಿಕೆ

ಭಾನುವಾರ, 13 ಅಕ್ಟೋಬರ್ 2024
ಸ್ಟುಟ್‌ಗಾರ್ಟ್, ರಾತ್ರಿ 10 ಗಂಟೆ

ಇವತ್ತು ಕಾಲ್ವ್‌ಗೆ ಹೋಗಿ ಬಂದೆ. ಜರ್ಮನಿಯ ಈ ಕಡೆ ಬಂದು ನಾಲ್ಕು ವರ್ಷವಾಯಿತು. ಪ್ರತಿ ಸಲ ಮುಂದಿನ ವಾರ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ದೂರವೇನೂ ಇಲ್ಲ. ಎಸ್6 ರೈಲು ಹತ್ತಿ ಕೊನೆಯ ಸ್ಟೇಷನ್ ವೈಲ್ ಡೆರ್ ಸ್ಟಾಟ್‌ನಲ್ಲಿ ಇಳಿದು ಬಸ್ ಹಿಡಿದರೆ ಆಯಿತು. ವೈಲ್ ಡೆರ್ ಸ್ಟಾಟ್ ಅಂದರೆ ಖಗೋಳ ವಿಜ್ಞಾನಿ ಕೆಪ್ಲರ್ ಹುಟ್ಟಿದ ಊರು. ಅಲ್ಲಿ ನಿಲ್ಲಲಿಲ್ಲ, ಬಸ್ಸು ಕಾಯುತ್ತಿತ್ತು.

1872ರಲ್ಲೇ ಸ್ಟುಟ್‌ಗಾರ್ಟ್‌ನಿಂದ ಕಾಲ್ವ್‌ಗೆ ರೈಲು ಬಂದಿತ್ತು. 1983ರಲ್ಲಿ ಪ್ರಯಾಣಿಕರ ರೈಲು ನಿಲ್ಲಿಸಿದರು. ಈಗ ಅದೇ ಹಳಿಯನ್ನು ಮತ್ತೆ ಸರಿಮಾಡುತ್ತಿದ್ದಾರೆ. ಅಷ್ಟು ವರ್ಷ ಖಾಲಿ ಬಿದ್ದ ಸುರಂಗಗಳಲ್ಲಿ ಬಾವಲಿಗಳು ಸಂಸಾರ ಹೂಡಿದ್ದವು. ಅವುಗಳನ್ನು ಓಡಿಸುವ ಹಾಗಿಲ್ಲ. ಹಾಗಾಗಿ ಸುರಂಗದೊಳಗೇ ಗೋಡೆ ಎತ್ತಿ, ರೈಲಿಗೊಂದು ದಾರಿ, ಬಾವಲಿಗೊಂದು ಮನೆ ಅಂತ ಬೇರೆ ಬೇರೆ ಮಾಡಿದ್ದಾರೆ. ಕೆಲಸ ತಡವಾಗಿದ್ದಕ್ಕೆ ಜನ ಬೈದುಕೊಂಡರು. ನನಗಂತೂ ಅವರು ಮಾಡಿದ್ದು ಸರಿ ಅನಿಸುತ್ತದೆ.

ಬಸ್ಸು ಬೆಟ್ಟ ಇಳಿಯುತ್ತಾ ಹೋಯಿತು. ಎರಡೂ ಕಡೆ ಕಪ್ಪು ಹಸಿರು ಮರಗಳು. ಕೆಳಗೆ ಕಿರಿದಾದ ಕಣಿವೆ, ಅದರ ನಡುವೆ ನಾಗೋಲ್ಡ್ ಹೊಳೆ. ಊರು ಹೊಳೆಯ ಎರಡೂ ದಂಡೆಗೆ ಒತ್ತಿಕೊಂಡು ನಿಂತಿದೆ, ಪಕ್ಕಕ್ಕೆ ಹರಡಲು ಜಾಗವೇ ಇಲ್ಲ. ಬರೆಯುವುದು ಕಾಲ್ವ್, ಇಲ್ಲಿನವರು ಕರೆಯುವುದು ‘ಕಲ್ಫ್’. ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಸುಮಾರು 24 ಸಾವಿರ ಜನ.

ನಾನು ಹೋಗಿದ್ದು ಮಂಗಳೂರಿನ ನಂಟು ಹುಡುಕಿಕೊಂಡು. ಅದು ಸಿಕ್ಕಿತು, ಬರೆಯುತ್ತೇನೆ. ಆದರೆ ತಲೆಯಲ್ಲಿ ಉಳಿದದ್ದು ಬೇರೆಯೇ.

ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಇಳಿಜಾರಾದ ಪೇಟೆ ಚೌಕದಲ್ಲಿ ನನ್ನ ಹೆಜ್ಜೆ ಸಪ್ಪಳ ನನಗೇ ಕೇಳುತ್ತಿತ್ತು. ಸುತ್ತ ಮರದ ತೊಲೆಗಳ ಚೌಕಟ್ಟು ಹಾಕಿ ನಡುವೆ ಗಾರೆ ತುಂಬಿದ ಮನೆಗಳು. ಎಲ್ಲ ಹೆಚ್ಚು ಕಡಿಮೆ ಒಂದೇ ಕಾಲದವು. ಕಾರಣ ಸುಂದರವಾದುದಲ್ಲ. ಮೂವತ್ತು ವರ್ಷದ ಯುದ್ಧದಲ್ಲಿ, 1634ರಲ್ಲಿ, ಊರು ಸುಟ್ಟುಹೋಯಿತು. ಕಷ್ಟಪಟ್ಟು ಕಟ್ಟಿಕೊಂಡರು. 1692ರಲ್ಲಿ ಫ್ರೆಂಚ್ ಸೈನ್ಯ ಬಂದು ಮತ್ತೆ ಸುಟ್ಟಿತು. ಪಕ್ಕದ ಹಿರ್ಸಾವ್‌ನ ದೊಡ್ಡ ಮಠ ಬೆಂದದ್ದೂ ಅದೇ ವರ್ಷ, ಅದು ಈಗಲೂ ಪಾಳುಬಿದ್ದೇ ಇದೆ. ಕಾಲ್ವ್ ಮಾತ್ರ ಎದ್ದು ನಿಂತಿತು. ಅದಕ್ಕೆ ಬೇಕಾದ ದುಡ್ಡು ಎಲ್ಲಿಂದ ಬಂತು ಅನ್ನುವುದೇ ಈ ಊರಿನ ನಿಜವಾದ ಕಥೆ.

ಚೌಕದಿಂದ ಕೆಳಗಿಳಿದರೆ ಹಳೆಯ ಕಲ್ಲಿನ ಸೇತುವೆ. ಅದರ ನಡುವಿನ ಕಂಬದ ಮೇಲೆ ಸಂತ ನಿಕೋಲಸನ ಪುಟ್ಟ ಗುಡಿ ಕೂತಿದೆ, ಸುಮಾರು 1400ನೇ ಇಸವಿಯದು. ಒಳಗೆ ನಾಲ್ಕು ಜನ ನಿಂತರೆ ಇಕ್ಕಟ್ಟು. ಮುಂಭಾಗದ ಎರಡು ಗೂಡುಗಳಲ್ಲಿ ಎರಡು ವಿಗ್ರಹಗಳಿವೆ. ಒಬ್ಬ ಬಟ್ಟೆಯವನು, ಇನ್ನೊಬ್ಬ ತೆಪ್ಪ ನಡೆಸುವವನು. ನಾನು ಅಲ್ಲೇ ತುಂಬ ಹೊತ್ತು ನಿಂತಿದ್ದೆ. ಗುಡಿಯ ಮುಂದೆ ರಾಜನಲ್ಲ, ಸೇನಾಪತಿಯಲ್ಲ. ದುಡಿಯುವವರು.

ತೆಪ್ಪದವನ ಕಥೆ ಮೊದಲು. ಈ ಬೆಟ್ಟಗಳ ಮರಕ್ಕೆ ಹಾಲೆಂಡಿನಲ್ಲಿ ಭಾರಿ ಬೇಡಿಕೆ ಇತ್ತು. ಹಡಗಿಗೆ ಬೇಕು, ಜೌಗು ನೆಲದಲ್ಲಿ ಮನೆ ಕಟ್ಟುವಾಗ ಕೆಳಗೆ ಹೂಳುವ ಕಂಬಕ್ಕೂ ಬೇಕು. ಮರದ ದಿಮ್ಮಿಗಳನ್ನು ಒಂದಕ್ಕೊಂದು ಬಿಗಿದು ಉದ್ದನೆಯ ತೆಪ್ಪ ಮಾಡಿ ಹೊಳೆಗೆ ಬಿಡುತ್ತಿದ್ದರು. ಬಿಗಿಯಲು ಸೆಣಬಿನ ಹಗ್ಗವಲ್ಲ. ಎಳೆಯ ಫರ್ ಮರ, ಹೇಝಲ್ ಗಿಡಗಳನ್ನು ಕಡಿದು ನೀರಲ್ಲಿ ನೆನೆಸಿ, ಒಲೆಯಲ್ಲಿ ಕಾಯಿಸಿ, ಬಿಸಿ ಇರುವಾಗಲೇ ಹುರಿ ಹೊಸೆದ ಹಾಗೆ ತಿರುಚುತ್ತಿದ್ದರು. ಅದಕ್ಕೆ ‘ವೀಡೆ’ ಅನ್ನುತ್ತಾರೆ. ಮರವೇ ಹಗ್ಗ, ಮರವೇ ಸರಕು. ನಾಗೋಲ್ಡ್ ಸಣ್ಣ ಹೊಳೆ, ತೆಪ್ಪ ತೇಲುವಷ್ಟು ನೀರು ಯಾವಾಗಲೂ ಇರುವುದಿಲ್ಲ. ಹಾಗಾಗಿ ಮೇಲೆ ಕಟ್ಟೆ ಹಾಕಿ ನೀರು ನಿಲ್ಲಿಸಿ, ಒಮ್ಮೆಲೇ ಬಿಟ್ಟು, ಆ ಹೊಡೆತದ ಮೇಲೆ ತೆಪ್ಪ ಓಡಿಸುತ್ತಿದ್ದರು. ಫೋರ್ಟ್ಸ್‌ಹೈಮ್‌ನಲ್ಲಿ ನಾಗೋಲ್ಡ್ ಎಂಟ್ಸ್ ನದಿಗೆ ಸೇರುತ್ತದೆ, ಎಂಟ್ಸ್ ನೆಕ್ಕರಿಗೆ, ನೆಕ್ಕರ್ ರೈನಿಗೆ. ಅಲ್ಲಿಂದ ಹಾಲೆಂಡಿಗೆ. 2022ರಲ್ಲಿ ಯುನೆಸ್ಕೋ ಈ ತೆಪ್ಪದ ಕೆಲಸವನ್ನು ಮನುಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು, ಜರ್ಮನಿಯ ಜೊತೆ ಇನ್ನೂ ಐದು ದೇಶಗಳ ಹೆಸರಿನಲ್ಲಿ.

ಮರದ ವ್ಯಾಪಾರಿ ಫಿಷರ್ 18ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಮನೆ ಇವತ್ತು ಊರಿನ ಮ್ಯೂಸಿಯಂ. ಜನ ಅದನ್ನು ಅರಮನೆ ಅಂತಲೇ ಕರೆಯುತ್ತಾರೆ. ಮರ ಹೋದ ಮೇಲೆ ಬೆಟ್ಟಗಳು ಬೋಳಾಗಿ ನಿಂತವು. ಬಸ್ಸಿನಿಂದ ನೋಡಿ ನಾನು ಖುಷಿಪಟ್ಟ ಕಾಡಿನಲ್ಲಿ ಹೆಚ್ಚಿನದು ಆಮೇಲೆ ಮತ್ತೆ ನೆಟ್ಟಿದ್ದು.

ಇನ್ನು ಬಟ್ಟೆಯವನು. ಇಲ್ಲಿ ನನ್ನ ಎದೆ ಸ್ವಲ್ಪ ಭಾರವಾಯಿತು.

ನಮ್ಮ ಅಜ್ಜ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದರು. ನೂಲು ಸಾವ್ಕಾರರದ್ದು, ರೇಷ್ಮೆ ಸಾವ್ಕಾರರದ್ದು. ನೇಯ್ದ ಖಣ ಅವರಿಗೇ ಕೊಟ್ಟು ಮಜೂರಿ ತಗೊಂಡು ಬರಬೇಕು. ಬೇರೆಯವರಿಗೆ ಮಾರುವ ಮಾತೇ ಇಲ್ಲ. ಮನೆಯಲ್ಲಿ ನಾನು ಕೇಳಿ ಬೆಳೆದ ಮಾತುಗಳೆಂದರೆ ಮಗ್ಗ, ಲಾಳಿ, ಮಜೂರಿ, ಬಾಕಿ.

ಕಾಲ್ವ್‌ನಲ್ಲಿ 1650ರಲ್ಲಿ ಬಣ್ಣ ಹಾಕುವವರೂ ವ್ಯಾಪಾರಿಗಳೂ ಸೇರಿ ಒಂದು ಕಂಪನಿ ಕಟ್ಟಿದರು. ಕೆಲವೇ ಮನೆತನಗಳು. ತೆಳು ಉಣ್ಣೆ ಬಟ್ಟೆ ಅವರ ಸರಕು. ರಾಜ್ಯದ ದೊರೆಯಿಂದ ಹಕ್ಕುಪತ್ರವನ್ನೂ ಪಡೆದರು. ಕಾಲ್ವ್‌ನ ನೇಕಾರರೂ ಸುತ್ತಲಿನ ಹಳ್ಳಿಗಳ ನೇಕಾರರೂ ತಮ್ಮ ಬಟ್ಟೆಯನ್ನು ಈ ಕಂಪನಿಗೇ ಮಾರಬೇಕು. ದರ ಮೊದಲೇ ಗೊತ್ತು ಮಾಡಿದ್ದು. ಒಬ್ಬ ನೇಕಾರ ಎಷ್ಟು ತುಂಡು ಕೊಡಬಹುದು ಅನ್ನುವುದಕ್ಕೂ ಮಿತಿ. ಅಜ್ಜನಿಗೂ ಅವರಿಗೂ ಒಂದು ವ್ಯತ್ಯಾಸ ಇತ್ತು. ಇಲ್ಲಿನ ನೇಕಾರ ಉಣ್ಣೆಯನ್ನು ತಾನೇ ಕೊಳ್ಳುತ್ತಿದ್ದ, ಅಂದರೆ ನಷ್ಟವೂ ಅವನದೇ. ಕಂಪನಿ ಬಟ್ಟೆಗೆ ಬಣ್ಣ ಹಾಕಿಸಿ ಇಟಲಿಯವರೆಗೆ ಸಾಗಿಸುತ್ತಿತ್ತು. 1692ರ ಬೆಂಕಿಯ ಮೇಲೆ ಊರು ಮತ್ತೆ ಎದ್ದದ್ದು ಈ ದುಡ್ಡಿನ ಬಲದಿಂದ. ಸುಮಾರು ಒಂದೂವರೆ ಶತಮಾನ ನಡೆದು 1797ರಲ್ಲಿ ಕಂಪನಿ ಮುಚ್ಚಿತು.

ನೇಕಾರರು ಪಾಪ ಅಂತ ಅಲ್ಲಿಗೇ ನಿಲ್ಲಿಸುವ ಹಾಗಿಲ್ಲ. ನೇಕಾರರ ಸಂಘ ತನಗಿಂತ ಕೆಳಗಿನವರನ್ನು ಒತ್ತಿತು. ನೂಲು ತೆಗೆಯುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಕೂಲಿ ಇಷ್ಟಕ್ಕಿಂತ ಮೇಲೆ ಹೋಗಬಾರದು ಅಂತ ನಿಯಮ ಮಾಡಿಸಿದರು. ಮಗ್ಗದ ಕಸುಬು ಹೆಂಗಸರಿಗೆ ಇಲ್ಲ, ಗಂಡನ ಮನೆಯ ಮಗ್ಗ ಬಿಟ್ಟರೆ. ಮದುವೆಯಾಗದೆ, ಯಾರ ಮನೆಯ ಆಳೂ ಆಗದೆ, ಸ್ವಂತ ನೂಲು ತೆಗೆದು ಬದುಕುವ ಹುಡುಗಿಯರಿಗೆ ಒಂದು ಹೆಸರೇ ಇತ್ತು, ‘ಐಗನ್‌ಬ್ರ್ಯೋಟ್ಲರಿನ್’. ತನ್ನ ರೊಟ್ಟಿ ತಾನೇ ನೋಡಿಕೊಳ್ಳುವವಳು ಅಂತ. ಕೇಳಲು ಎಷ್ಟು ಚೆಂದ ಅಲ್ವಾ? ಆದರೆ ಅದು ಬೈಗುಳ. ಊರಿನ ಅಧಿಕಾರಿಗಳು ಅವರನ್ನು ಹಿಡಿದು, ಯಾರ ಮನೆಗಾದರೂ ಕೆಲಸಕ್ಕೆ ಸೇರು, ಇಲ್ಲ ಊರು ಬಿಡು ಅನ್ನುತ್ತಿದ್ದರು. ಇವತ್ತಿಗೂ ಜರ್ಮನ್ನಿನಲ್ಲಿ ಯಾರ ಜೊತೆಗೂ ಸೇರದ ಒಂಟಿಗನಿಗೆ ಅದೇ ಪದದ ಗಂಡು ರೂಪ ಬಳಸುತ್ತಾರೆ. ಆಫೀಸಿನಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೇನೆ. ಅದರ ಹಿಂದೆ ನೂಲು ತೆಗೆಯುವ ಹುಡುಗಿ ಕೂತಿದ್ದಾಳೆ ಅಂತ ಗೊತ್ತಾದ ಮೇಲೆ ಆ ಪದ ಮೊದಲಿನ ಹಾಗೆ ಕೇಳಿಸುತ್ತಿಲ್ಲ.

ಒಳ್ಳೆಯದೂ ನಡೆದಿದೆ, ಹೇಳಬೇಕು. ಯೋಹಾನ್ ವಾಲೆಂಟಿನ್ ಆಂದ್ರೇ ಅನ್ನುವ ಪಾದ್ರಿ 1620ರಿಂದ ಇಲ್ಲಿದ್ದರು. 1621ರಲ್ಲಿ ಬಣ್ಣದವರನ್ನೂ ಬಟ್ಟೆ ವ್ಯಾಪಾರಿಗಳನ್ನೂ ಒಪ್ಪಿಸಿ ಬಡವರಿಗಾಗಿ ಒಂದು ನಿಧಿ ಮಾಡಿಸಿದರು. 1634ರ ಬೆಂಕಿಯಲ್ಲಿ ಅವರ ಪುಸ್ತಕಗಳೆಲ್ಲ ಸುಟ್ಟುಹೋದವು. ಆದರೂ ಅವರು ಇನ್ನೂ ಕೆಲವು ವರ್ಷ ಊರು ಬಿಡಲಿಲ್ಲ.

ಈಗ ಮಂಗಳೂರು. ಪೇಟೆ ಚೌಕದ 6ನೇ ನಂಬರಿನ ಮನೆಯಲ್ಲಿ 1877ರ ಜುಲೈ 2ರಂದು ಲೇಖಕ ಹೆರ್ಮನ್ ಹೆಸ್ಸೆ ಹುಟ್ಟಿದ್ದು. 1946ರಲ್ಲಿ ನೊಬೆಲ್ ಬಂತು. ಸೇತುವೆಯ ಮೇಲೆ ಅವರ ಕಂಚಿನ ಪ್ರತಿಮೆ ಇದೆ, ಕೈಯಲ್ಲಿ ಟೋಪಿ ಹಿಡಿದು ನಡೆದು ಹೋಗುವವರ ಹಾಗೆ. ಹುಡುಗನಾಗಿದ್ದಾಗ ಊರಿನ ಗಡಿಯಾರ ಕಾರ್ಖಾನೆಯಲ್ಲಿ ಸುಮಾರು 14 ತಿಂಗಳು ಕೆಲಸ ಕಲಿತರು, ಕಬ್ಬಿಣಕ್ಕೆ ಅರ ಉಜ್ಜುತ್ತಾ. ಪೆರೋ ಅನ್ನುವ ಆ ಕಾರ್ಖಾನೆ ಇವತ್ತಿಗೂ ಇದೆ. ಮೆಕ್ಕಾದ ಗೋಪುರದ ದೈತ್ಯ ಗಡಿಯಾರದ ಯಂತ್ರ ಮಾಡಿದ್ದು ಅವರೇ.

ಹೆಸ್ಸೆಯ ಅಪ್ಪ ಯೋಹಾನ್ನೆಸ್ ಬಾಸೆಲ್ ಮಿಶನ್ನಿನವರು, ಮಂಗಳೂರಿನಲ್ಲಿ ಕೆಲಸ ಮಾಡಿ ಆರೋಗ್ಯ ಕೆಟ್ಟು 1873ರಲ್ಲಿ ವಾಪಸ್ ಬಂದವರು. ತಾಯಿ ಮಾರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ತಾಯಿಯ ಅಪ್ಪ ಹೆರ್ಮನ್ ಗುಂಡರ್ಟ್. 1838ರಲ್ಲಿ ಗುಂಡರ್ಟ್ ಮಂಗಳೂರಿಗೆ ಬಂದಾಗ ಅಲ್ಲಿದ್ದವರು ಅವರ ಗೆಳೆಯ ಹೆರ್ಮನ್ ಮೋಗ್ಲಿಂಗ್. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರತಂದರಲ್ಲ, ಅದೇ ಮೋಗ್ಲಿಂಗ್. ಗುಂಡರ್ಟ್ ಮುಂದೆ ಮಲಬಾರ್ ಮತ್ತು ಕೆನರಾದ ಶಾಲೆಗಳ ಇನ್ಸ್‌ಪೆಕ್ಟರ್ ಆದರು. ಅವರ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾಗಿದ್ದು ಮಂಗಳೂರಿನಲ್ಲೇ. ಆದರೆ ಅದಕ್ಕೆ ಬಹಳ ಮೊದಲೇ, 1859ರಲ್ಲಿ, ಕಾಯಿಲೆಯಿಂದಾಗಿ ಅವರು ಕಾಲ್ವ್‌ಗೆ ಬಂದುಬಿಟ್ಟಿದ್ದರು. ಇಲ್ಲಿನ ಧಾರ್ಮಿಕ ಪುಸ್ತಕಗಳ ಪ್ರಕಾಶನ ಸಂಸ್ಥೆ ನಡೆಸುತ್ತಾ, 1893ರಲ್ಲಿ ಇಲ್ಲೇ ತೀರಿಕೊಂಡರು. ನಮ್ಮ ಕಿಟ್ಟೆಲ್ ಕಣ್ಣುಮುಚ್ಚಿದ ಟ್ಯೂಬಿಂಗನ್ ಕೂಡ ಇಲ್ಲಿಗೆ ದೂರವಲ್ಲ.

ಮಾರೀಯ ಬಾಲ್ಯ ನೆನೆದು ಸಂಕಟವಾಯಿತು. ಮಿಶನ್ನಿನವರು ಆಗ ಮಕ್ಕಳನ್ನು ಯುರೋಪಿನಲ್ಲಿ ಬಿಟ್ಟು ತಾವು ಮರಳಿ ಹೋಗುತ್ತಿದ್ದರು. ಸಣ್ಣ ಮಗುವಾಗಿದ್ದಾಗ ತಂದೆತಾಯಿಯನ್ನು ಬಿಟ್ಟಿದ್ದ ಮಾರೀ ಮತ್ತೆ ಅವರ ಬಳಿ ಹೋಗುವಾಗ ಅವಳಿಗೆ ಹದಿನೈದು ವರ್ಷ. ಆ ನಾಡಿನ ನೆನಪು ಈ ಕಣಿವೆಯ ಮನೆಯೊಳಗೆ ತುಂಬಿತ್ತು. ಮಗ ಹೆಸ್ಸೆ 1911ರಲ್ಲಿ ಹಡಗು ಹತ್ತಿ ಸಿಲೋನ್, ಸಿಂಗಾಪುರ, ಸುಮಾತ್ರಾ ಸುತ್ತಿ ಬಂದರು. ತಾಯಿ ಹುಟ್ಟಿದ ಕರಾವಳಿಗೆ ಮಾತ್ರ ಕಾಲಿಡಲೇ ಇಲ್ಲ.

ಮಧ್ಯಾಹ್ನ ತಂದಿದ್ದ ಚಪಾತಿ ಚಟ್ನಿಪುಡಿ ಹೊಳೆ ದಂಡೆಯಲ್ಲಿ ಕೂತು ತಿಂದೆ. ನೀರು ಸ್ವಚ್ಛವಾಗಿತ್ತು, ತಳದ ಕಲ್ಲು ಕಾಣುವಷ್ಟು. ಬಣ್ಣದ ಕೆಲಸಕ್ಕೂ ಚರ್ಮ ಹದ ಮಾಡುವುದಕ್ಕೂ ಇದೇ ನೀರು. ಹೆಸ್ಸೆ ತಮ್ಮ ಕಥೆಗಳಲ್ಲಿ ಈ ಊರಿಗೆ ಇಟ್ಟ ಹೆಸರು ಗೆರ್ಬರ್ಸಾವ್. ಗೆರ್ಬರ್ ಅಂದರೆ ಚರ್ಮ ಹದ ಮಾಡುವವನು. ಇವತ್ತು ಆ ಕಸುಬುಗಳು ಹೊಳೆ ದಂಡೆಯಲ್ಲಿ ಇಲ್ಲ. ಊರಲ್ಲಿ ಜಿಲ್ಲಾ ಕಚೇರಿ ಇದೆ, ಮೇಲೆ ಬೆಟ್ಟದ ಮೇಲೆ ಸೈನ್ಯದ ನೆಲೆ ಇದೆ. ತುಂಬ ಜನ ಬೆಳಗ್ಗೆ ಎದ್ದು ಸಿಂಡೆಲ್‌ಫಿಂಗನ್ನಿನ ಕಾರು ಕಾರ್ಖಾನೆಗೋ ಸ್ಟುಟ್‌ಗಾರ್ಟಿಗೋ ಹೋಗುತ್ತಾರೆ. ಮೊದಲು ಮರ ಹೋಯಿತು, ಬಟ್ಟೆ ಹೋಯಿತು, ಈಗ ಮನುಷ್ಯರು ಹೋಗಿ ಸಂಜೆ ವಾಪಸ್ ಬರುತ್ತಾರೆ. ರೈಲು ಬೇಕು ಅಂತ ಅಷ್ಟು ವರ್ಷ ಪಟ್ಟು ಹಿಡಿದಿದ್ದು ಸುಮ್ನೆ ಅಲ್ಲ.

ಬಸ್ ಕಾಯುವಾಗ ಅವ್ವನಿಗೆ ಫೋನ್ ಮಾಡಿದೆ. ಕಂಪನಿ ಕಥೆ ಹೇಳಿದೆ.

“ಹಂಗಾರ ಅಲ್ಲೂ ಸಾವ್ಕಾರ್ರು ಇದ್ರು ಅನ್ನು,” ಅಂದಳು.

“ಇದ್ರವ್ವ.”

ನೂಲು ತೆಗೆಯುವ ಹೆಂಗಸರ ಮಾತು ಬಂದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಅಂದಳು, “ನಿಮ್ಮಜ್ಜಿ ಬೆಳಕ ಹರಿಯೂದ್ರಾಗ ಎದ್ದು ಕಂಡಿಕಿ ಸುತ್ತತಿದ್ಲು. ಆಕಿ ಸುತ್ತಲಿಲ್ಲಂದ್ರ ನಿಮ್ಮಜ್ಜನ ಲಾಳಿ ಓಡತಿರಲಿಲ್ಲ. ಮಜೂರಿ ಲೆಕ್ಕ ಬರಿಯೂ ವಹಿಯೊಳಗ ಹೆಸರು ಮಾತ್ರ ನಿಮ್ಮಜ್ಜಂದ ಒಂದ.”

ಕಂಡಿಕೆ ಅಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿ. ಅಜ್ಜಿಯ ಬಲಗೈ ತೋರುಬೆರಳ ತುದಿಯಲ್ಲಿ ಒಂದು ಗೆರೆ ಇತ್ತು. ನೂಲು ಓಡಿ ಓಡಿ ಬಿದ್ದ ಗೆರೆ. ಚಿಕ್ಕವಳಿದ್ದಾಗ ಅದರಲ್ಲಿ ನನ್ನ ಉಗುರು ಇಟ್ಟು ಆಡುತ್ತಿದ್ದೆ. ಬಸ್ಸು ಬೆಟ್ಟ ಹತ್ತಿ ಮುಗಿಯುವವರೆಗೂ ಆ ಬೆರಳೇ ಕಣ್ಣ ಮುಂದೆ ಇತ್ತು.