ಗುಂಡಾ ಅಂದರೆ ನಾನೇ

ಹುಟ್ಟಿದಾಗ ನಾನು 4 ಕೆಜಿ ಇದ್ದೆನಂತೆ. ನಾಮಕರಣಕ್ಕೂ ಮುಂಚೆಯೇ ಅಜ್ಜಿ ‘ಗುಂಡ’ ಅಂದುಬಿಟ್ಟರು. ಈಗ ಬೆಲ್ಟಿಗೆ ಎರಡು ತೂತು ಜಾಸ್ತಿ ಹೊಡೆಸಿಕೊಂಡು ಪ್ಯಾಂಟು ನಿಲ್ಲಿಸಿಕೊಳ್ಳುತ್ತಿದ್ದೇನೆ, ಆದರೂ ಮನೆಯಲ್ಲಿ ನಾನು ಗುಂಡನೇ.

ಮೊನ್ನೆ ಆಫೀಸಿನಲ್ಲಿ ಫೋನು ಸ್ಪೀಕರಿನಲ್ಲಿತ್ತು. ಆ ಕಡೆಯಿಂದ ಅಮ್ಮ ‘ಗುಂಡಾ, ಊಟ ಆಯ್ತೇನೋ?’ ಅಂದರು. ಪಕ್ಕದಲ್ಲಿದ್ದ ಲಖನೌ ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ. ಪಾಪ, ತಪ್ಪು ಅವನದಲ್ಲ. ಹಿಂದಿಯಲ್ಲಿ ಗುಂಡಾ ಅಂದರೆ ರೌಡಿ. ನಾವು ಆ ಪದವನ್ನು ‘ಗೂಂಡಾ’ ಅಂತ ಎಳೆದು ಬರೆಯುತ್ತೇವೆ, 1985ರ ಗೂಂಡಾ ಕಾಯ್ದೆ ಅಂತೀವಲ್ಲ, ಹಾಗೆ. ಆದರೆ ಕೂಗಿ ಕರೆಯುವಾಗ ನಮ್ಮ ಗುಂಡನ ಬಾಲಕ್ಕೂ ಒಂದು ದೀರ್ಘ ಬಂದು ಸೇರುತ್ತದೆ, ಅಲ್ಲಿಗೆ ನಾನೂ ರೌಡಿ ಪಟ್ಟಿಗೆ.

ನಮ್ಮ ಗುಂಡ ಬಂದಿದ್ದು ಗುಂಡಗೆ ಇರೋದರಿಂದ. ಗುಂಡು ತಲೆಯ ಸೂಜಿ ಗುಂಡುಸೂಜಿ, ಮೊಗ್ಗು ಉರುಟಾಗಿದ್ದರೆ ಗುಂಡುಮಲ್ಲಿಗೆ. ಬಂದೂಕಿನದೂ ಗುಂಡೇ, ಹಳೇ ಕಾಲದಲ್ಲಿ ಅದು ಸೀಸದ ಉಂಡೆಯಾಗಿತ್ತು. ತಲೆ ಬೋಳಿಸಿಕೊಂಡವನು ಗುಂಡು ಹೊಡೆಸಿದ. ಚೆನ್ನಾಗಿ ತಿಂದುಂಡು ಇರುವವನು ಗುಂಡುಕಲ್ಲಿನ ಹಾಗಿದ್ದಾನೆ. ಇನ್ನು ‘ಗುಂಡು ಹಾಕೋದು’ ನಿಮಗೇ ಗೊತ್ತು. ‘ಗುಂಡನಿಗೇ ಗುಂಡು ಬೇಡ್ವಾ?’ ಅನ್ನುವ ಜೋಕನ್ನು ನಾನು ಎಷ್ಟು ಪಾರ್ಟಿಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ, ಹೇಳುವವನಿಗೆ ಮಾತ್ರ ಪ್ರತಿ ಸಲ ಹೊಸದು. ಹೆಣ್ಣುಮಕ್ಕಳಿಗೆ ‘ಗುಂಡಿ’ ಅಂದರೆ ಕೆಲಸ ಕೆಡುತ್ತದೆ, ಅದು ಅಂಗಿಯದೋ ರಸ್ತೆಯದೋ ಆಗಿಬಿಡುತ್ತದೆ. ಹಾಗಾಗಿ ಗುಂಡಮ್ಮ.

ಇದು ಸುಮ್ನೆ ಮುದ್ದಿನ ಹೆಸರು ಅಂದುಕೊಂಡಿದ್ದೆ, ಅಲ್ವಂತೆ. 1397ರಲ್ಲಿ ಬೇಲೂರು ದೇವಸ್ಥಾನದ ಗೋಪುರವನ್ನು ಮತ್ತೆ ಕಟ್ಟಿಸಿದ ವಿಜಯನಗರದ ದಂಡನಾಯಕನ ಹೆಸರೇ ಗುಂಡ. ಕುಂಬಾರ ಗುಂಡಯ್ಯ ಮಡಕೆ ಬಾರಿಸಿದರೆ ಶಿವನೇ ಇಳಿದು ಬಂದು ಕುಣಿದನಂತೆ. ಡಿವಿಜಿಯವರ ‘ಜಿ’ ಗುಂಡಪ್ಪ, ಬ್ಯಾಟ್ ಹಿಡಿದ ಜಿ.ಆರ್. ವಿಶ್ವನಾಥ್ ಅವರ ‘ಜಿ’ಯೂ ಗುಂಡಪ್ಪ. ಇಂಥ ದೊಡ್ಡವರ ಹೆಸರು ಅದ್ಯಾವಾಗ ಜೋಕಿನ ಪುಟಕ್ಕೆ ಬಿತ್ತೋ! ಆ ಗುಂಡನಿಗೆ ಹೆಂಡತಿಯೂ ಇದ್ದಾಳೆ, ಮೇಷ್ಟ್ರೂ ಇದ್ದಾರೆ, ಸ್ಕೂಲು ಮಾತ್ರ ಮುಗಿಯೋದೇ ಇಲ್ಲ. ಯಾರೋ ‘ಗುಂಡ ಮೇಷ್ಟ್ರಿಗೆ ಹೇಳಿದ...’ ಅಂತ ಶುರು ಮಾಡಿದರೆ ಇಡೀ ಕ್ಲಾಸು ನನ್ನ ಕಡೆ ತಿರುಗುತ್ತಿತ್ತು.

ಇದನ್ನೆಲ್ಲ ಲಖನೌ ಹುಡುಗನಿಗೆ ಕೂರಿಸಿಕೊಂಡು ವಿವರಿಸಿದೆ. ಶ್ರದ್ಧೆಯಿಂದ ಕೇಳಿದ. ಈಗ ದಿನಾ ಬೆಳಿಗ್ಗೆ ‘ನಮಸ್ತೇ ಗುಂಡಾಜೀ’ ಅನ್ನುತ್ತಾನೆ.