ಸೋಮನಾಥಪುರದ ಕಲ್ಲಿನ ಮೇಲೆ ಮಲ್ಲಿತಮ್ಮನ ಹೆಸರು

ಬನ್ನೂರಿನ ಮೇಲೆ ಹಾದು ಸೋಮನಾಥಪುರಕ್ಕೆ ಹೋಗಿಬರುವುದು ನಮ್ಮ ಮೈಸೂರಿನವರಿಗೆ ಅರ್ಧ ದಿನದ ಮಾತು. ನೆಂಟರಿಷ್ಟರನ್ನು ಕರೆದೊಯ್ದಾಗ, ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 1258ರಲ್ಲಿ ಈ ಕೇಶವ ದೇವಾಲಯವನ್ನು ಕಟ್ಟಿಸಿದನೆಂದೂ, 2023ರಲ್ಲಿ ಇದು ಬೇಲೂರು ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತೆಂದೂ ತಪ್ಪದೆ ಹೇಳುತ್ತೇವೆ. ಕಟ್ಟಿಸಿದವನ ಹೆಸರಿನಷ್ಟೇ ಆದರದಿಂದ ಕೆತ್ತಿದವನ ಹೆಸರನ್ನೂ ಹೇಳಬೇಕೆಂಬುದು ನನ್ನ ಆಸೆ. ಏಕೆಂದರೆ ಆ ಹೆಸರು ಅಲ್ಲಿಯ ಕಲ್ಲಿನ ಮೇಲೆಯೇ ಇದೆ.

ಗುಡಿ ನಿಂತಿರುವ ಎತ್ತರದ ಕಟ್ಟೆಯಾದ ಜಗತಿಯನ್ನೇರಿ ಪ್ರದಕ್ಷಿಣೆ ಹೊರಟರೆ ಗೋಡೆಯ ಬುಡದಲ್ಲಿ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸಗಳ ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ. ದಕ್ಷಿಣದ ಗುಡಿಯ ಸುತ್ತ ರಾಮಾಯಣ, ಹಿಂಬದಿಯಲ್ಲಿ ಕೃಷ್ಣನ ಲೀಲೆಗಳು, ಉತ್ತರದಲ್ಲಿ ಮಹಾಭಾರತ. ನಡೆಯುವವನ ಹೆಜ್ಜೆಗೆ ತಕ್ಕಂತೆ ಕಥೆ ಮುಂದುವರಿಯುತ್ತದೆ. ಇವುಗಳ ಮೇಲೆ ದೇವತೆಗಳ ದೊಡ್ಡ ವಿಗ್ರಹಗಳಿವೆ. ಅಲ್ಲಿ ನಿಂತು ಆಭರಣಗಳಿಂದ ಕಣ್ಣು ಕಿತ್ತು ಪಾದಪೀಠವನ್ನು ನೋಡಿ: ಕೆಲವೆಡೆ ‘ಮಲ್ಲಿತಮ್ಮ’ ಎಂದು, ಕೆಲವೆಡೆ ‘ಮಲ್ಲಿ’ ಎಂದು, ಇನ್ನು ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರ. ಇಲ್ಲಿ ಅವನ ಅಂಕಿತವಿರುವ ವಿಗ್ರಹಗಳೇ ನಲವತ್ತರಷ್ಟಿವೆ. ಚೌಡೆಯ, ಮಸಣಿತಮ್ಮ ಮೊದಲಾದವರ ಹೆಸರುಗಳೂ ದೊರೆಯುತ್ತವೆ.

ಈ ಗುಡಿಯ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸುವ ಉಳಿಗೆಲಸ ಸಾಧ್ಯವಾದದ್ದು ಹಾಗೆ. ಆದರೆ ಕಲ್ಲಿನ ಗುಣದಿಂದಷ್ಟೇ ಅಂಥ ಕೈ ಪಳಗುವುದಿಲ್ಲ. 1196ರ ಅಮೃತಪುರದ ದೇವಾಲಯದಲ್ಲಿಯೂ ಮಲ್ಲಿತಮ್ಮನ ಕೆಲಸವನ್ನು ವಿದ್ವಾಂಸರು ಗುರುತಿಸಿದ್ದಾರೆ. ನುಗ್ಗೇಹಳ್ಳಿಯ ಗುಡಿಯಲ್ಲಿ ಉತ್ತರದ ಗೋಡೆ ಅವನದು, ದಕ್ಷಿಣದ್ದು ಬೈಚೋಜನೆಂಬ ಶಿಲ್ಪಿಯದು. ಅಮೃತಪುರದಿಂದ ಸೋಮನಾಥಪುರಕ್ಕೆ ಅರುವತ್ತು ವರ್ಷಗಳಿಗೂ ಮಿಕ್ಕಿದ ಅಂತರವಿದೆ. ಒಬ್ಬ ಮನುಷ್ಯನ ಇಡೀ ಬಾಳಿನ ದುಡಿಮೆ ಅದು. ನಮ್ಮ ನಾಡಿನ ಅದೆಷ್ಟೋ ಗುಡಿಗಳ ಶಿಲ್ಪಿಗಳ ಹೆಸರು ಅಳಿದುಹೋಗಿರುವಾಗ, ಈ ಹೆಸರು ಉಳಿದಿರುವುದು ನಮ್ಮ ಭಾಗ್ಯವೆಂದೇ ನಾನು ನಂಬಿದ್ದೇನೆ.

ನಡುವಣ ಗರ್ಭಗುಡಿಯ ಮೂಲ ಕೇಶವ ವಿಗ್ರಹ ಇಂದು ಇಲ್ಲ, ಉಳಿದೆರಡು ಗರ್ಭಗುಡಿಗಳಲ್ಲಿ ಜನಾರ್ದನ, ವೇಣುಗೋಪಾಲರಿದ್ದಾರೆ. ಅವರ ದರ್ಶನವಾದ ಮೇಲೆ, ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ದಯವಿಟ್ಟು ಅವರನ್ನು ಹೊರಗೋಡೆಯ ಬಳಿ ನಿಲ್ಲಿಸಿ, ಕಲ್ಲನ್ನು ಮುಟ್ಟಗೊಡದೆ, ಪೀಠದ ಮೇಲಿನ ಅಕ್ಷರಗಳನ್ನು ಒಂದು ಕಡೆಯಾದರೂ ಓದಿಸಲಿ.